ಹಕ್ಕಿಯ ಅಂಗಳಕ್ಕೆ ಅತ್ತೆಯ ಪೊರಕೆ

ವೈಗಿಯೊ ದ್ವೀಪದಲ್ಲಿ ಹೊರಗಿನವರು ಬರುತ್ತಾರೆಂದರೆ ಎಲ್ಲರ ಕೈಗೂ ಮೊದಲು ಪೊರಕೆ ಬರುತ್ತದೆ. ಮೆಲ್ಕಿಯಾಸನ ಗ್ರಹಚಾರ ಕೆಟ್ಟಿದ್ದೂ ಅದರಿಂದಲೇ.

ಮಾರ್ಗ್ರೀತ್ ಎಂಬ ಡಚ್ ಹೆಂಗಸು ದ್ವೀಪದ ಹಕ್ಕಿಗಳ ಮೇಲೆ ಪುಸ್ತಕ ಬರೆಯುತ್ತಿದ್ದಳು. ಯಾವ ಹಕ್ಕಿ, ಎಲ್ಲಿ ನೋಡಬೇಕು, ಅಷ್ಟೇ ಪುಸ್ತಕ. ಕೆಂಪು ಸ್ವರ್ಗಪಕ್ಷಿಯ ಎದುರು ಆಗಲೇ 'ಒಟ್ನಿಯೆಲ್ ಗುಡ್ಡ' ಎಂದು ಬರೆದಾಗಿತ್ತು. ಒಟ್ನಿಯೆಲ್ ಮೆಲ್ಕಿಯಾಸನ ಪಕ್ಕದ ಮನೆಯವನು. ಅಂದಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ. ಇನ್ನು ಉಳಿದದ್ದು ನೀಲಿ ಬೋಳುತಲೆಯ ಪುಟ್ಟ ಸ್ವರ್ಗಪಕ್ಷಿ. ಅದು ಕುಣಿಯುವ ಜಾಗ ಮೆಲ್ಕಿಯಾಸನ ಕಾಡಿನಲ್ಲಿತ್ತು. ಅದರ ಎದುರು ತನ್ನ ಹೆಸರು ಅಚ್ಚಾಗಬೇಕು, ಒಟ್ನಿಯೆಲ್ ಅದನ್ನು ಓದಬೇಕು, ಅಷ್ಟೇ ಅವನ ಆಸೆ. ಮಾರ್ಗ್ರೀತಳ ದೋಣಿ ಮಧ್ಯಾಹ್ನಕ್ಕೆ. ಇದ್ದದ್ದು ಇದೊಂದೇ ಬೆಳಗು.

ಈ ಹಕ್ಕಿಗೆ ಮಡಿ ಜಾಸ್ತಿ. ಕುಣಿಯುವ ಮೊದಲು ನೆಲದ ಮೇಲಿನ ಒಂದೊಂದು ಎಲೆಯನ್ನೂ ಕೊಕ್ಕಿನಿಂದ ಎತ್ತಿ ಆಚೆ ಎಸೆಯುತ್ತದೆ. ಎಲೆ ಬಿದ್ದಿದ್ದರೆ ಇಳಿದು ಬರುವುದು ಖಂಡಿತ.

ಮೆಲ್ಕಿಯಾಸ್ ಮಾರ್ಗ್ರೀತಳ ಜೊತೆ ಮರೆಯಲ್ಲಿ ಕೂತು ಇಣುಕಿದ. ನೆಲದಲ್ಲಿ ಒಂದು ಕಡ್ಡಿಯೂ ಇಲ್ಲ. ಹಕ್ಕಿ ಕೆಲಸ ಕಳೆದುಕೊಂಡವರ ಹಾಗೆ ಮೇಲಿನ ಕೊಂಬೆಯಲ್ಲಿ ಸುಮ್ಮನೆ ಕೂತಿತ್ತು.

ಮರದ ಹಿಂದಿನಿಂದ ತೆಂಗಿನಕಡ್ಡಿ ಪೊರಕೆ ಹಿಡಿದು, ಅಡಿಕೆ ಜಗಿಯುತ್ತ ಅವನ ಅತ್ತೆ ದೊರ್ಕಾಸ್ ಬಂದಳು.

"ಹೆಂಗಿದೆ ಅಳಿಯ? ಮೂರು ದಿನದಿಂದ ಗುಡಿಸ್ತಾ ಇದೀನಿ. ಪರದೇಶದೋರು ಕಸ ನೋಡಿದ್ರೆ ನಮ್ಮ ಮನೆತನದ ಬಗ್ಗೆ ಏನಂದ್ಕೋತಾರೆ?"

"ಮೆತ್ತಗೆ ಅತ್ತೆ! ಯಾರು ಗುಡಿಸಿ ಅಂದ್ರು ನಿಮಗೆ? ಅದು ಹಕ್ಕಿ ಕೆಲ್ಸ!"

"ಹಕ್ಕಿ ಗುಡಿಸೋದು ನೋಡಿದೀನಿ ಬಿಡು. ಮೂಲೆಲೆಲ್ಲಾ ಹಂಗೇ ಬಿಟ್ಟಿರುತ್ತೆ. ನಿನ್ನ ಕೆಲ್ಸ ಅಂತ ನನ್ನ ಹಿತ್ತಲಿಗೇ ಮೂರು ದಿನದಿಂದ ಪೊರಕೆ ಮುಟ್ಟಿಸಿಲ್ಲ. ಇವನು ನೋಡಿದ್ರೆ ನನ್ನ ಮೇಲೇ ರೇಗ್ತಾನೆ!"

"ಮೆಲ್ಕಿಯಾಸ್, ಹಕ್ಕಿ ಯಾವಾಗ ಇಳಿಯುತ್ತೆ?" ಎಂದಳು ಮಾರ್ಗ್ರೀತ್, ಗಡಿಯಾರ ನೋಡುತ್ತ.

ಮೆಲ್ಕಿಯಾಸ್ ತೆವಳಿಕೊಂಡು ಹೋಗಿ ನಾಲ್ಕು ಎಲೆ ಹಾಕಿ ಬಂದ. ಹಕ್ಕಿ ಕತ್ತು ಬಗ್ಗಿಸಿತು. ಒಂದು ಕೊಂಬೆ ಇಳಿಯಿತು. ಅಷ್ಟರಲ್ಲಿ ಪೊರಕೆ ಸರಕ್ಕೆಂದಿತು. ಎಲೆ ಮಾಯ.

"ಅಯ್ಯೋ, ಕೈ ತಡೀಲಿಲ್ಲ ಕಣಪ್ಪಾ," ಎಂದಳು ಅತ್ತೆ.

ಮತ್ತೆ ನಾಲ್ಕು ಎಲೆ ಹಾಕುವಷ್ಟರಲ್ಲಿ ಒಟ್ನಿಯೆಲ್ ಬುಟ್ಟಿ ತುಂಬ ಎಲೆ ಹೊತ್ತು ಹಾಜರಾದ.

"ನಾಲ್ಕು ಎಲೆಗೆ ಯಾವ ಹಕ್ಕಿ ಬರುತ್ತೋ? ಇಷ್ಟೇನಾ ನಿನ್ನ ಉಪಚಾರ?" ಎಂದು ಕಾಡೆಲ್ಲ ಕೇಳುವಂತೆ ಕೂಗಿ, ಬುಟ್ಟಿಯನ್ನು ಧೊಪ್ಪನೆ ಕವುಚಿದ. ಆ ಗದ್ದಲಕ್ಕೆ ಹಕ್ಕಿ ಪುರ್ರೆಂದು ಹಾರಿಹೋಯಿತು.

"ಸಹಾಯ ಮಾಡೋಣ ಅಂತ ಬಂದೆ," ಎಂದ ಒಟ್ನಿಯೆಲ್. ನಗು ಮುಚ್ಚಿಡುವ ಸೌಜನ್ಯವೂ ಅವನಿಗಿರಲಿಲ್ಲ.

ಎರಡು ಗಂಟೆ ಕಾದರೂ ಹಕ್ಕಿ ಬರಲಿಲ್ಲ. ಮಾರ್ಗ್ರೀತ್ ಎದ್ದಳು.

"ಬರಿ ಹೊಟ್ಟೇಲಿ ದೋಣಿ ಹತ್ಬೇಡಮ್ಮಾ, ಬಾಳೆಹಣ್ಣು ಕರಿದಿಟ್ಟಿದೀನಿ," ಎಂದು ಅತ್ತೆ ಅವಳನ್ನು ಕಾಡಂಚಿನ ತನ್ನ ಮನೆಗೆ ಕರೆದೊಯ್ದಳು. ಮೆಲ್ಕಿಯಾಸ್ ಮಾರ್ಗ್ರೀತಳ ಚೀಲ ಹೊತ್ತು, ತನ್ನ ಮದುವೆಯ ದಿನವನ್ನೇ ಶಪಿಸುತ್ತ ಹಿಂದೆ ನಡೆದ.

ಅಡುಗೆಮನೆಯ ಕಿಟಕಿಯ ಬಳಿ ಕೂತ ಮಾರ್ಗ್ರೀತಳ ಬಾಯಿಗೆ ಹೊರಟ ಬಾಳೆಹಣ್ಣು ಅರ್ಧದಲ್ಲೇ ನಿಂತಿತು. ಹಿತ್ತಲಲ್ಲಿ ನೀಲಿ ಬೋಳುತಲೆ ಹೊಳೆಯುತ್ತಿತ್ತು. ಮೂರು ದಿನದಿಂದ ಕಾಡಿನಲ್ಲಿ ಕೆಲಸವಿಲ್ಲದ ಹಕ್ಕಿ ಇಲ್ಲಿ ಗುಡಿಸದೆ ಬಿದ್ದಿದ್ದ ಎಲೆಗಳನ್ನು ಎಸೆದು ಚಾಪೆಯಗಲ ಜಾಗ ಚೊಕ್ಕಟ ಮಾಡಿಕೊಂಡು, ಸುರುಳಿ ಬಾಲ ಮೆರೆಸುತ್ತ ಮನಸಾರೆ ಕುಣಿಯುತ್ತಿತ್ತು.

ಮಾರ್ಗ್ರೀತ್ ಕಣ್ಣೊರೆಸಿಕೊಂಡು ಪೆನ್ನು ತೆಗೆದಳು. "ಈ ಜಾಗದ ಹೆಸರೇನು?"

"ಮೆಲ್ಕಿ..." ಎಂದು ಮೆಲ್ಕಿಯಾಸ್ ಬಾಯಿ ತೆರೆದ.

"ಹಿತ್ತಲು ನಂದು. ಇವನದೇನಿದೆ ಇಲ್ಲಿ?" ಎಂದಳು ಅತ್ತೆ.

'ದೊರ್ಕಾಸ್ ಹಿತ್ತಲು' ಎಂದು ಪುಸ್ತಕಕ್ಕೆ ಏರಿತು.

ದೋಣಿ ಕಣ್ಮರೆಯಾದ ಮೇಲೆ ಅತ್ತೆ ಒಟ್ನಿಯೆಲ್ ಬಿಟ್ಟುಹೋಗಿದ್ದ ಬುಟ್ಟಿಯನ್ನೇ ಅಳಿಯನ ಕೈಗಿತ್ತಳು.

"ನಾಳೆಯಿಂದ ನೋಡೋರು ಬರ್ತಾನೇ ಇರ್ತಾರೆ. ದಿನಾ ಬೆಳಿಗ್ಗೆ ಒಂದು ಬುಟ್ಟಿ ಎಲೆ ತಂದು ಹಿತ್ತಲಲ್ಲಿ ಹರಡು."

"ದಿನಾನಾ? ಹಿಂದಿನ ದಿನದ್ದು ಅಲ್ಲೇ ಇರುತ್ತಲ್ಲ ಅತ್ತೆ!"

"ಹೆಂಗಿರುತ್ತೆ?" ಅತ್ತೆ ಪೊರಕೆ ಎತ್ತಿಕೊಂಡಳು. "ಸಂಜೆ ನಾನು ಗುಡಿಸಲ್ವಾ?"