ಬೂದು ತಲೆಗೆ ಮೂರು ಗೆರೆ

ಚಪ್ಪಲಿ ಕಳಚಿಟ್ಟು ಮೊಬೈಲಿನೊಳಗೆ ಹೋಗುವ ಮನುಷ್ಯ ಇಡೀ ಕಡೂರಿನಲ್ಲಿ ಒಬ್ಬರೇ: ನಮ್ಮ ಸೋದರಮಾವ! ಒಳಗೆ ಎಂದರೆ, ನಮ್ಮ ಮಠದವರು ಮಾಡಿಸಿರುವ ವಚನಗಳ ಆ್ಯಪಿನೊಳಗೆ. ಓದುತ್ತಾ ಯಾವುದೇ ಶರಣರ ಹೆಸರನ್ನು ಒತ್ತಿದರೂ ಅವರ ಚರಿತ್ರೆ ಕಿಟಕಿಯಂತೆ ತೆರೆದುಕೊಳ್ಳುತ್ತದೆ. ಕೊಬ್ಬರಿ ವ್ಯಾಪಾರ ನಿಲ್ಲಿಸಿ, ಹೋದ ವರ್ಷ ಅತ್ತೆಯೂ ತೀರಿಕೊಂಡ ಮೇಲೆ ಮಾವನ ವಾಸ ಅಲ್ಲೇ.

ವಾಸಕ್ಕೆ ಹೋದವರು ಸುಮ್ಮನಿದ್ದಾರೆಯೇ? ಶರಣರ ಪಟ್ಟಿ ಅಕಾರಾದಿಯಲ್ಲಿತ್ತು. ಆ್ಯಪ್ ಮಾಡಿದ ಶಿವನಿ ಊರಿನ ಹುಡುಗಿ ಅಜ್ಜಂಪುರದಲ್ಲಿ ಕಂಪ್ಯೂಟರ್ ಮೇಡಂ. ಅವಳಿಗೆ ಫೋನ್ ಹೋಯಿತು.

"ಏನವ್ವಾ, ಶಿಷ್ಯನ್ನ ಮ್ಯಾಲೆ ಕೂರ್ಸಿ ಗುರುನ ಕೆಳಕ್ಕೆ ಹಾಕಿದೀಯ?"

"ಅಜ್ಜಾರೇ, ಅದು ಅಕ್ಷರದ ಕ್ರಮ."

"ಮಠದಲ್ಲಿ ಅಕ್ಷರ ನೋಡಿ ಪಂಕ್ತಿ ಹಾಕ್ತಾರೇನವ್ವಾ?"

ಪಾಪ, ಗುರುಪರಂಪರೆಯಂತೆಯೇ ಜೋಡಿಸಿ ಕೊಟ್ಟಳು. ಈಗ ಯಾವ ಶರಣರು ಸಿಗಬೇಕಾದರೂ ಅವರ ಗುರು ಯಾರೆಂದು ಮೊದಲೇ ಗೊತ್ತಿರಬೇಕು! "ಗೊತ್ತಿದ್ರೆ ಆ್ಯಪ್ ಯಾಕೆ ಮಾವ?" ಎಂದೆ.

"ಅದಕ್ಕೇ ಕಣೋ ನೀನು ಉದ್ಧಾರ ಆಗ್ಲಿಲ್ಲ."

ಮುಂದಿನ ತಕರಾರು ಕಿಟಕಿ ಮುಚ್ಚುವ ಗುರುತಿನದು. ಮೂಲೆಯಲ್ಲೊಂದು ಕಾಟು, ತಪ್ಪು ಲೆಕ್ಕಕ್ಕೆ ಹಾಕುವಂಥದ್ದು. ಶರಣರ ಚರಿತ್ರೆಗೆ ಕಾಟು ಹೊಡೆಯುವುದುಂಟೇ? ಮಾವ ಒಂದನ್ನೂ ಮುಚ್ಚಲಿಲ್ಲ. ಓದಾದ ಮೇಲೆ "ಬತ್ತೀನಿ ಬುದ್ಧೀ" ಎಂದು ಫೋನನ್ನು ಜೇಬಿಗಿಳಿಸುತ್ತಿದ್ದರು. ಫೋನು ದೋಸೆಕಾವಲಿಯಂತೆ ಕಾಯತೊಡಗಿತು. ತರೀಕೆರೆಯ ರಿಪೇರಿಯವನು ಬೆಚ್ಚಿಬಿದ್ದ. "ಯಜಮಾನ್ರೇ, ಇಷ್ಟೊಂದು ಜನ ಒಳಗವ್ರೆ! ಮುಚ್ಚಿ, ಫೋನ್ ಸತ್ತೋಯ್ತದೆ!"

"ಬಂದೋರ್ನ ನಾನು ಎಬ್ಬಿಸಿ ಕಳ್ಸಲ್ಲ ಕಣಪ್ಪಾ. ಅವರಾಗೇ ಎದ್ರೆ ಸರಿ."

ಆದರೆ ಮಹಾಯುದ್ಧವಾದದ್ದು ತಲೆಗಳ ವಿಚಾರದಲ್ಲಿ. ಚಿತ್ರವಿಲ್ಲದ ಶರಣರ ಜಾಗದಲ್ಲಿ ಆ್ಯಪು ಒಂದು ಬೂದು ತಲೆ ತೋರಿಸುತ್ತಿತ್ತು. ಕಣ್ಣಿಲ್ಲ, ಮೂಗಿಲ್ಲ, ಅದೆಲ್ಲ ಹೋಗಲಿ, ಹಣೆ ಖಾಲಿ! ಇದು ಸರಿಹೋಗುವವರೆಗೆ ಸೋಮವಾರದ ಪಾರಾಯಣಕ್ಕೆ ಬರುವುದಿಲ್ಲ ಎಂದು ಮಾವ ಮಠಕ್ಕೆ ಹೇಳಿಕಳಿಸಿದರು. ಅಷ್ಟಕ್ಕೇ ಬಿಟ್ಟರೇ? ಪೂಜೆಯ ಒದ್ದೆ ವಿಭೂತಿಯನ್ನು ಮೂರು ಬೆರಳಿನಿಂದ ಗಾಜಿನ ಮೇಲೆಯೇ ಎಳೆದರು. ಫೋನು ಏನೆಂದು ತಿಳಿದುಕೊಂಡಿತೋ, ಹಿರೇನಲ್ಲೂರಿನ ಬೀಗರಿಗೆ ವಿಡಿಯೋ ಕಾಲ್ ಮಾಡಿಬಿಟ್ಟಿತು. ಬೀಗರು ಟವಲಿನಲ್ಲಿದ್ದರು!

ಹುಡುಗಿಗೆ ಮತ್ತೆ ಫೋನ್.

"ಆ ಕಾಲ್ದಲ್ಲಿ ಕ್ಯಾಮೆರಾ ಇತ್ತಾ ಅಜ್ಜಾರೇ? ಮುಖ ಎಲ್ಲಿಂದ ತರ್ಲಿ?"

"ಮುಖ ಯಾರು ಕೇಳಿದ್ರವ್ವಾ? ಹಣೆ ಐತಲ್ಲ. ಮೂರು ಗೆರೆ ಎಳಿ, ಸಾಕು."

ಎಳೆದಳು. ನಿಜ ಹೇಳುತ್ತೇನೆ, ನಗಲೆಂದು ನೋಡಲು ಹೋದವನು ಕೈಮುಗಿದೆ. ಮಾವ ಪಾರಾಯಣಕ್ಕೆ ವಿಜಯೋತ್ಸಾಹದಿಂದ ಮರಳಿದರು.

ಮೊನ್ನೆ ಆ ಹುಡುಗಿ ಮಾವನ ಮನೆಗೇ ಬಂದಿದ್ದಳು. ಕಾಫಿ ಮುಗಿದ ಮೇಲೆ ಮಾವ ಫೋನನ್ನು ಅವಳ ಮುಂದೆ ಹಿಡಿದು, ಎಂದೂ ಇಲ್ಲದಂತೆ ದನಿ ತಗ್ಗಿಸಿದರು.

"ಇನ್ನೊಬ್ರು ಉಳ್ಕೊಂಡವ್ರೆ ಕಣವ್ವಾ."

ಅದು ಆ್ಯಪ್ ಅಲ್ಲ, ಫೋನ್ ನಂಬರುಗಳ ಪಟ್ಟಿ. "ಮನೆಯವಳು" ಎಂಬ ಹೆಸರಿನ ಪಕ್ಕದಲ್ಲಿ ಅದೇ ಬೂದು ತಲೆ. ಕ್ಯಾಮೆರಾ ಕಂಡರೆ ಸೆರಗು ಮುಂದೆಳೆದುಕೊಂಡು ಅಡುಗೆಮನೆಗೆ ಓಡುತ್ತಿದ್ದ ನಮ್ಮತ್ತೆ, ನೋಡಿಕೊಳ್ಳಲು ಒಂದು ಫೋಟೋವನ್ನೂ ಬಿಡದೆ ಹೋಗಿದ್ದರು.

ಹುಡುಗಿ ಫೋನನ್ನು ತೆಗೆದುಕೊಂಡಳು. ಮೂರು ಗೆರೆ ಎಳೆದು, ಕೆಳಗೊಂದು ಕುಂಕುಮದ ಬೊಟ್ಟಿಟ್ಟಳು.

ಮಾವ ಬಹಳ ಹೊತ್ತು ನೋಡಿದರು. ಆಮೇಲೆ, "ಬತ್ತೀನಿ ಕಣೇ" ಎಂದು, ಮುಚ್ಚದೆಯೇ ಫೋನನ್ನು ಜೇಬಿಗಿಳಿಸಿದರು.