ಗಂಟಿಲ್ಲದ ಕಾಲುಚೀಲ

ಸಂತೋಷವಾದರೆ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಮುಗುಳ್ನಗುವ ಜನ ಇರುತ್ತಾರಂತೆ. ನಾನು ಆ ಪೈಕಿಯಲ್ಲ. ಕಾಲುಚೀಲ ಹೆಣೆಯುತ್ತಾ ಮೊದಲ ಸಲ ಅದರ ಹಿಮ್ಮಡಿ ತಿರುಗಿಸಿದ ದಿನ ನಾನು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಆಫೀಸಿಗೆ ಹೋಗುವ ಬಸ್ಸಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಗುರುತು ಪರಿಚಯವಿಲ್ಲದ ಅಜ್ಜಿಯ ತೋಳು ಹಿಡಿದು ಅಲ್ಲಾಡಿಸಿ, "ನೋಡಿ, ನೋಡಿ, ತಿರುಗಿಬಿಡ್ತು!" ಅಂತ ಕೂಗಿಯೇಬಿಟ್ಟೆ. ಬಸ್ಸೇ ಎಲ್ಲೋ ತಪ್ಪು ದಾರಿಗೆ ತಿರುಗಿತೆಂದುಕೊಂಡು ಅಜ್ಜಿ ಗಾಬರಿಯಿಂದ ಕಿಟಕಿಯಾಚೆ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದದ್ದನ್ನು ಮೇಲೆ ಕೆಳಗೆ ಪರೀಕ್ಷಿಸಿ, "ಏಮಮ್ಮಾ ಅದಿ, ಟೋಪಿನಾ?" ಎಂದು ತೆಲುಗಿನಲ್ಲಿ ಕೇಳಿದರು.

ಹೆಣೆದು ನೋಡದವರಿಗೆ ಈ ಖುಷಿ ಹೇಗೆ ಹೇಳಲಿ? ನಾಲ್ಕು ಕಡ್ಡಿಗಳ ಮೇಲೆ ಕುಣಿಕೆಗಳನ್ನು ಹಂಚಿ, ಐದನೆಯದರಲ್ಲಿ ಸುತ್ತ ಹೆಣೆಯುತ್ತಾ ಹೋದರೆ ದಿನಗಟ್ಟಲೆ ಬರೀ ಒಂದು ಕೊಳವೆ ಇಳಿಯುತ್ತಿರುತ್ತದೆ. ಆನೆಯ ಸೊಂಡಿಲಿಗೆ ಹಾಕಬಹುದು, ಅಷ್ಟೇ. ಆಮೇಲೆ ಅರ್ಧ ಕುಣಿಕೆಗಳನ್ನು ಸುಮ್ಮನೆ ಬಿಟ್ಟು, ಉಳಿದರ್ಧವನ್ನು ಹಿಂದಕ್ಕೂ ಮುಂದಕ್ಕೂ ಹೆಣೆದು, ಒಂದೊಂದೇ ಕಡಿಮೆ ಮಾಡುತ್ತಾ ಬಂದರೆ, ನೇರ ಹೋಗುತ್ತಿದ್ದ ಕೊಳವೆ ಒಂದು ಗಳಿಗೆಯಲ್ಲಿ ಬಟ್ಟಲಿನ ಹಾಗೆ ಬಾಗಿ, ಪಾದದ ಕಡೆಗೆ ಮುಖ ಮಾಡುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆ ಇದು. ನಲವತ್ತೆಂಟು ವರ್ಷಕ್ಕೆ ನನ್ನ ಕೈಯಿಂದ ಆದ ಮೊದಲ ಪವಾಡ ಅಂತ ನಾನೇ ತೀರ್ಮಾನಿಸಿಕೊಂಡೆ. ಅವತ್ತಿನಿಂದ ಬಸ್ಸು, ಊಟದ ಬಿಡುವು, ಕುಕ್ಕರ್ ಕೂಗುವವರೆಗಿನ ಸಮಯ, ಎಲ್ಲವೂ ಕಾಲುಚೀಲಕ್ಕೆ ಮೀಸಲಾಯಿತು.

ಆಫೀಸಿನಲ್ಲಿ ನನ್ನ ಎದುರು ಟೇಬಲ್ಲಿನ ಶಾಹಿದಾ ಇದನ್ನೆಲ್ಲ ನೋಡುತ್ತಿದ್ದವಳು ಒಂದು ದಿನ ಸಂಕೋಚದಿಂದ ಕೇಳಿದಳು: "ಅಕ್ಕಾ, ಬೆರಳಿನ ಹತ್ರ ಹೊಲಿಗೆ ಇಲ್ಲದ ಹಾಗೆ ಸಾಕ್ಸ್ ಮಾಡೋಕಾಗುತ್ತಾ?" ಅವಳ ತಂದೆ ಮುನೀರ್ ಸಾಹೇಬರಿಗೆ ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶವೇ ಹೋಗಿತ್ತು. ಅಂಗಡಿಯ ಸಾಕ್ಸಿನ ದಪ್ಪ ಹೊಲಿಗೆ ಕಿರುಬೆರಳಿಗೆ ಉಜ್ಜಿ ಗಾಯವಾಗಿದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅದು ಮಾಯಲು ಎರಡು ತಿಂಗಳು ಹಿಡಿದಿತ್ತು. ಇನ್ನೊಂದು ಸಲ ಹೀಗಾದರೆ ಬೆರಳು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ.

"ಯಾಕಾಗಲ್ಲ!" ಅಂದೆ. ನಾನು ಅದುವರೆಗೆ ಪೂರ್ತಿ ಮುಗಿಸಿದ್ದು ಒಂದೇ ಒಂದು ಕಾಲುಚೀಲ ಎಂಬುದನ್ನು ಹೇಳಲಿಲ್ಲ.

ಮೂರು ವಾರದಲ್ಲಿ ಬೂದು ಬಣ್ಣದ ಒಂದು ಜೊತೆ ತಯಾರಾಯಿತು. ಸಂಜೆ ಶಾಹಿದಾಳ ಜೊತೆ ಅವರ ಮನೆಗೆ ಹೋದೆ. ಮುನೀರ್ ಸಾಹೇಬರು ಮೂವತ್ತು ವರ್ಷ ಬಿಸಿನೀರಿನಲ್ಲಿ ಗೂಡುಗಳಿಂದ ರೇಷ್ಮೆ ತೆಗೆದವರು. ಕಣ್ಣಿಗೆ ಕಾಣದ ಎಳೆ ಕಡಿದರೂ ಅವರ ಬೆರಳಿಗೆ ಗೊತ್ತಾಗುತ್ತಿತ್ತಂತೆ. ನಾನು ಹೊಗಳಿಕೆಗೆ ಸಿದ್ಧಳಾಗಿ ಕುರ್ಚಿಯ ತುದಿಯಲ್ಲಿ ಕೂತೆ. ಅವರು ಕಾಲುಚೀಲವನ್ನು ಕಾಲಿಗೆ ಹಾಕಲಿಲ್ಲ. ಕೈಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಒಳಗೆ ಬೆರಳಾಡಿಸಿದರು.

"ಇಲ್ಲೊಂದು ಗಂಟಿದೆಯಮ್ಮಾ."

"ದಾರ ಮುಗಿದಾಗ ಹಾಕಿದ್ದು ಸಾಹೇಬ್ರೆ. ಸಾಸಿವೆಯಷ್ಟೂ ಇಲ್ಲ."

"ಚಿಕ್ಕದೇ. ಆದ್ರೆ ನನ್ನ ಕಾಲು ನನಗೆ ಏನೂ ಹೇಳಲ್ಲ ನೋಡಿ. ಎಲ್ಲ ಕೈಯನ್ನೇ ಕೇಳಬೇಕು."

"ಅಬ್ಬಾ! ಅಕ್ಕ ಎಷ್ಟು ಕಷ್ಟಪಟ್ಟು ಮಾಡಿದ್ದಾರೆ," ಎಂದು ಶಾಹಿದಾ ತಂದೆಯನ್ನು ಗದರಿದಳು. ಸಾಹೇಬರು ಅದಕ್ಕೆ ಕಿವಿಗೊಡದೆ ಇನ್ನೂ ಮೂರು ಗಂಟು ಹುಡುಕಿದರು. ನನಗೆ ಅಳು ಬರುವಂತಾಯಿತು. ಆಮೇಲೆ ಅವರು ನನ್ನ ಚೀಲದಿಂದ ಉಲ್ಲನ್ ದಾರದ ಎರಡು ತುಂಡು ತೆಗೆದುಕೊಂಡು, ತುದಿಗಳ ಎಳೆ ಬಿಡಿಸಿ, ಒಂದರೊಳಗೊಂದು ಸೇರಿಸಿ, ಎರಡು ಹನಿ ನೀರು ತಾಗಿಸಿ ಅಂಗೈಯಲ್ಲಿ ಹೊಸೆದರು. "ಎಳೀರಿ," ಅಂದರು. ಎಳೆದೆ. ಬಿಡಲಿಲ್ಲ. ಎಲ್ಲಿ ಸೇರಿತ್ತು ಎಂದು ಹುಡುಕಿದರೂ ಸಿಗಲಿಲ್ಲ. ಅಳು ಎಲ್ಲಿ ಹೋಯಿತೋ! "ಇನ್ನೊಂದ್ಸಲ ತೋರ್ಸಿ, ಇನ್ನೊಂದ್ಸಲ!" ಎಂದು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟೆ. ಅವತ್ತು ಕೊನೆಯ ಬಸ್ಸು ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು.

ಎರಡನೇ ಜೊತೆಯಲ್ಲಿ ಗಂಟಿರಲಿಲ್ಲ, ಆದರೆ ಹೆಬ್ಬೆರಳಿನ ಕಡೆ ಹೆಣಿಗೆ ಬಿಗಿ ಎಂದು ವಾಪಸ್ಸಾಯಿತು. ನಾನು ಬಸ್ಸಿನಲ್ಲಿ ಬಿಚ್ಚುತ್ತಾ ಕೂತಿದ್ದರೆ ಕಂಡಕ್ಟರ್, "ಮೇಡಂ, ನಿನ್ನೆ ಹಾಕಿದ್ದನ್ನ ಇವತ್ತು ಕೀಳ್ತೀರಾ, ರೋಡ್ ಕಾಂಟ್ರಾಕ್ಟಾ?" ಅಂದ. ಮೂರನೇ ಜೊತೆಯ ಒಳಗೆ ಸಾಹೇಬರ ಬೆರಳುಗಳು ಬಹಳ ಹೊತ್ತು ಓಡಾಡಿದವು. ಹಿಮ್ಮಡಿಯ ಹತ್ತಿರ ಒಂದು ಕಡೆ ನಿಂತವು. ಮತ್ತೆ ಮುಂದಕ್ಕೆ ಹೋದವು. ಕಣ್ಣು ತೆರೆದು, "ಪಾಸು," ಅಂದರು. ಎಸ್ಸೆಸ್ಸೆಲ್ಸಿಯಲ್ಲೂ ನನಗೆ ಇಷ್ಟು ಸಂತೋಷವಾಗಿರಲಿಲ್ಲ. ಅಲ್ಲಿ ಗಣಿತದಲ್ಲಿ ಕೃಪಾಂಕ ಕೊಟ್ಟಿದ್ದರು. ಇಲ್ಲಿ ಯಾರೂ ಏನೂ ಕೊಟ್ಟಿರಲಿಲ್ಲ.

ಅದಾಗಿ ತಿಂಗಳ ಮೇಲೆ ಸಾಹೇಬರು ಮತ್ತೆ ಡಾಕ್ಟರ ಹತ್ತಿರ ಹೋಗಿ ಬಂದರು. ಮಾರನೇ ದಿನ ಊಟದ ಹೊತ್ತಿಗೆ ಶಾಹಿದಾ ಕುರ್ಚಿ ಎಳೆದುಕೊಂಡು ಬಂದಳು. ನಾನು ಅವರಿಗೇ ಇನ್ನೊಂದು ಜೊತೆ ಹೆಣೆಯುತ್ತಿದ್ದೆ. ಪಾಸಾದ ಜೊತೆಯನ್ನು ಒಗೆಯಲು ಕಾಲಿನಿಂದ ತೆಗೆದುಕೊಡಲು ಅವರು ಒಪ್ಪುತ್ತಲೇ ಇರಲಿಲ್ಲವಂತೆ. "ಡಾಕ್ಟ್ರು ಬೆರಳು ಬೆರಳು ಬಿಡಿಸಿ ನೋಡಿದ್ರು ಅಕ್ಕಾ. ಒಂದು ಕೆಂಪು ಗುರುತೂ ಇಲ್ಲ! ನರ್ಸು ಸಾಕ್ಸ್ ಹಿಡ್ಕೊಂಡು, ಯಾರು ಮಾಡಿದ್ದು ಅಂತ ಕೇಳಿದ್ರು. ಅಬ್ಬಾ ಅಂದ್ರು, ನನ್ನ ಮಗಳು ಅಂತ."

ನನ್ನ ಮುಖದ ನಗು ಅಲ್ಲೇ ನಿಂತಿತು. ಮೂರು ಜೊತೆ ಹೆಣೆದು ಎರಡು ಬಿಚ್ಚಿದವಳು ನಾನು, ಹೆಸರು ಇವಳಿಗೆ! ಸೂಜಿಗೆ ದಾರ ಪೋಣಿಸಲೂ ಬಾರದ ಹುಡುಗಿಗೆ! "ಒಳ್ಳೇದಾಯ್ತು ಬಿಡಮ್ಮ," ಎಂದು ತಲೆ ಬಗ್ಗಿಸಿ ಹೆಣೆಯತೊಡಗಿದೆ. ಜೊತೆಗೆ ಒಂದು ಕೊಂಕು ಮಾತನ್ನೂ ಒಳಗೊಳಗೇ ಜೋಡಿಸುತ್ತಿದ್ದೆ.

ಶಾಹಿದಾ ಅನ್ನ ಕಲಸುತ್ತಾ ಮುಂದುವರಿಸಿದಳು: "ನರ್ಸು ನನ್ನ ಕಡೆ ನೋಡಿ, ಎಷ್ಟು ಚೆನ್ನಾಗಿ ಹೆಣೀತೀಯಮ್ಮ ಅಂದ್ರು. ಅಬ್ಬಾಗೆ ಕೋಪಾನೇ ಬಂತು. ಇವಳಲ್ಲಮ್ಮಾ, ದೊಡ್ಡವಳು, ಚಿಕ್ಕಬಳ್ಳಾಪುರದಿಂದ ಬಸ್ಸಲ್ಲಿ ಬರ್ತಾಳಲ್ಲ, ಅವಳು ಅಂದ್ರು."

ಕೈಯ ಕಡೆ ನೋಡಿದೆ. ಆ ಅರ್ಧ ನಿಮಿಷದ ಹೊಟ್ಟೆಕಿಚ್ಚಿನಲ್ಲಿ ದಾರವನ್ನು ಎಷ್ಟು ಜಗ್ಗಿ ಎಳೆದಿದ್ದೆನೆಂದರೆ ಕುಣಿಕೆಯೊಳಗೆ ಕಡ್ಡಿಯೇ ಹೋಗುತ್ತಿರಲಿಲ್ಲ. ಆ ಸಾಲನ್ನು ಸದ್ದಿಲ್ಲದೆ ಬಿಚ್ಚಿ ಮತ್ತೆ ಹೆಣೆದೆ. ಹಾಗೇ ಬಿಟ್ಟಿದ್ದರೆ ಸಾಹೇಬರ ಬೆರಳಿಗೆ ಗೊತ್ತಾಗಿಬಿಡುತ್ತಿತ್ತು.