ಸಮುದ್ರಕ್ಕೆ ಹೊರಟ ಗಂಟೆಗಳು

ಇಷ್ಟಕ್ಕೆಲ್ಲ ಕಾರಣ ಬ್ಯಾಂಕಿನ ಕರಾರುಪತ್ರದ ಏಳನೇ ಕಲಮು: ಸಾಲಗಾರನು ಮಾಲಿನ ಜೊತೆ ಮದರಾಸು ಬಂದರಿಗೆ ಹೋಗಿ, ಹಡಗಿಗೆ ಏರಿಸಿದ ರಶೀತಿ ತರತಕ್ಕದ್ದು.

ನಾಗಮಂಗಲದ ಎರಕದ ಮುದ್ದಯ್ಯನಿಗೆ ಜರ್ಮನಿಯಿಂದ ದನಕ್ಕೆ ಕಟ್ಟುವ ಇನ್ನೂರು ಹಿತ್ತಾಳೆ ಗಂಟೆಗೆ ಆರ್ಡರು ಬಂದಿತ್ತು. ಹೊರದೇಶಕ್ಕೆ ಮಾಲು ಕಳಿಸುವವರಿಗೆ ಕಡಿಮೆ ಬಡ್ಡಿಗೆ ಸಾಲ ಕೊಡಿ ಎಂದು ಸರ್ಕಾರ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಷ್ಟೆಂದು ಮುದ್ದಯ್ಯ ಕೇಳಲೇ ಇಲ್ಲ. ಏಳನೇ ಕಲಮನ್ನು ಮಾತ್ರ ಎರಡು ಸಲ ಓದಿಸಿಕೊಂಡು ಸಹಿ ಹಾಕಿದ.

ಐವತ್ತೈದು ವರ್ಷದ ಆ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡುವುದು. ಶ್ರೀರಂಗಪಟ್ಟಣದ ನೆಂಟರ ಮನೆಗೆ ಹೋದಾಗಲೆಲ್ಲ ಕರಿಘಟ್ಟ ಹತ್ತಿ, ಕಾವೇರಿ ಹೋಗುವ ದಿಕ್ಕನ್ನೇ ನೋಡುತ್ತ ಕೂರುತ್ತಿದ್ದ. ಆ ನೀರಿನ ಮೇಲೆ ಅವನಿಗೆ ಹೊಟ್ಟೆಕಿಚ್ಚು. ಆದರೆ ಕೆಲಸವಿಲ್ಲದೆ, ಬರೀ ನೀರು ನೋಡಲು ಬಸ್ ಚಾರ್ಜು ಕೊಟ್ಟು ಹೋದವರು ಅವನ ಮನೆತನದಲ್ಲಿ ಯಾರೂ ಇರಲಿಲ್ಲ. ಈಗ ಸರ್ಕಾರವೇ ಹೋಗು ಎನ್ನುತ್ತಿತ್ತು.

ಎಂಟನೇ ಕಲಮೂ ಒಂದಿತ್ತು. ಈ ಸಾಲದಲ್ಲಿ ಮಾಡಿದ ಮಾಲಿನಲ್ಲಿ ಒಂದನ್ನೂ ದೇಶದೊಳಗೆ ಮಾರಕೂಡದು.

ಲಾರಿ ಬರುವುದು ಸಂಜೆ ಐದಕ್ಕೆ. ಬೆಳಗಾಗುತ್ತಲೇ ಬೀದಿಗೆ ಬೀದಿಯೇ ಅಂಗಳಕ್ಕೆ ಬಂತು.

"ಲೇ ಮುದ್ದ, ನಂಗೊಂದು ಶಂಖ ತತ್ತಾ ಕಣ್ಲಾ," ಎಂದ ಹೋಟೆಲಿನ ಕೆಂಪಣ್ಣ.

"ನಂಗೊಂದು ಸೀಸೆ ಉಪ್ಪುನೀರು ಕಣಣ್ಣ, ಮಂಡಿನೋವ್ಗೆ," ಎಂದಳು ಪಕ್ಕದ ಮನೆಯ ಮಾಯಮ್ಮ.

ಬಂದವರೆಲ್ಲ ಪೆಟ್ಟಿಗೆಗೆ ಕೈ ಹಾಕಿ ಗಂಟೆ ಆಡಿಸಿ ನೋಡಿದರು. ಅವರು ಹೋದ ಮೇಲೆ ಎಣಿಸಿದರೆ ನೂರ ತೊಂಬತ್ತೊಂಬತ್ತು! ಒಂದರ ಜಾಗದಲ್ಲಿ ಐದು ರೂಪಾಯಿ ನೋಟು ಕೂತಿತ್ತು.

"ಯಾರೋ ಕಾಸು ಮಡಗಿ ತಕ್ಕಂಡೋಗವ್ರೆ. ಸುಮ್ಕೆ ಪೆಟ್ಗೆಗೆ ಮೊಳೆ ಒಡೀರಿ," ಎಂದಳು ಹೆಂಡತಿ ಪುಟ್ಟಗೌರಮ್ಮ. "ಜರ್ಮನಿ ದನಕ್ಕೆ ಎಣ್ಸಾಕ್ ಬತ್ತದಾ?"

"ಮಾರ್ದಂಗಾಯ್ತಲ್ಲೇ! ಸಮುದ್ರುದ್ ತಾವ್ಕೋದ್ಮೇಲೆ ಇಡ್ಕಂಡು ವಾಪ್ಸು ಕಳಿಸ್ಬುಟ್ರೆ?"

ಮುದ್ದಯ್ಯ ಬ್ಯಾಂಕಿಗೆ ಓಡಿ ಮ್ಯಾನೇಜರ ಮುಂದೆ ಎಲ್ಲ ಒಪ್ಪಿಸಿದ. ಕರಾವಳಿಯಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರು ಹಣೆ ಚಚ್ಚಿಕೊಂಡರು.

"ಎಂತ ಮಾರಾಯ್ರೆ, ನೀವು ಹೇಳಿದ ಮೇಲೆ ನಾನು ಮೇಲಿನವರಿಗೆ ಹೇಳದೆ ಇರ್ಲಿಕ್ಕೆ ಆಗ್ತದಾ?" ಎನ್ನುತ್ತ ಬೆಂಗಳೂರಿಗೆ ಟ್ರಂಕ್ ಕಾಲ್ ಹಾಕಿದರು.

ಸೋತ ಮುಖದಲ್ಲಿ ಮುದ್ದಯ್ಯ ಹಿಂತಿರುಗುವಾಗ ಕೆರೆ ಏರಿಯ ಕಡೆಯಿಂದ ಗಂಟೆಯ ಸದ್ದು. ತಾನೇ ಎರಕ ಹೊಯ್ದದ್ದು ಗುರುತು ಸಿಗದೆ ಇರುತ್ತದೆಯೇ? ನೋಡಿದರೆ ಮಾಯಮ್ಮನ ಹಸು. ಇವನನ್ನು ಕಂಡದ್ದೇ ಅದು ಬಾಲ ಎತ್ತಿಕೊಂಡು ರಾಗಿ ಹೊಲ ಬಿದ್ದು ಓಡಿತು. ಪಂಚೆ ಹರಿದು, ಮಂಡಿ ತರಚಿ, ಅಂತೂ ಮಧ್ಯಾಹ್ನಕ್ಕೆ ಗಂಟೆ ಬಿಚ್ಚಿದ.

"ಕಾಸು ಮಡಗಿದ್ನಲ್ಲಣ್ಣ!" ಎಂದು ಮಾಯಮ್ಮ ಜಗಳಕ್ಕೆ ಬಂದಳು. "ಜರ್ಮನಿ ಅಸ ಕಟ್ಕಂಡ್ರೆ ಚೆಂದ, ನಮ್ಮಸ ಕಟ್ಕಂಡ್ರೆ ತಪ್ಪಾ?"

ಐದಕ್ಕೆ ಲಾರಿ ಬಂತು. ಮ್ಯಾನೇಜರೇ ಇಳಿದು ಎಣಿಸಿದರು. ಸರಿಯಾಗಿ ಇನ್ನೂರು. ಪೆಟ್ಟಿಗೆಗಳು ಲಾರಿ ಏರಿದವು. ಒಗೆದ ಅಂಗಿ ತೊಟ್ಟು, ಬುತ್ತಿ ಹಿಡಿದು ಮುದ್ದಯ್ಯ ಲಾರಿಯ ಬಾಗಿಲಿಗೆ ಕೈ ಹಾಕಿದ.

"ಲೆಕ್ಕ ಸರಿ ಉಂಟು," ಎಂದರು ಮ್ಯಾನೇಜರು. "ಆದರೆ ಬೆಳಿಗ್ಗೆಯೇ ವರದಿ ಹೋಗಿ ಆಯ್ತಲ್ಲ. ಈ ಸಾಲಗಾರನನ್ನು ಮಾಲಿನ ಜೊತೆ ಬಿಡಬೇಡಿ, ನೀವೇ ಹೋಗಿ ಅಂತ ಹುಕುಂ ಬಂದಿದೆ."

"ನಾನೂ ಬತ್ತೀನಿ ಸ್ವಾಮಿ."

"ಡ್ರೈವರನ ಪಕ್ಕ ಒಂದೇ ಸೀಟು."

"ಇಂದ್ಗಡೆ ಪೆಟ್ಗೆ ಮೇಲೆ ಕೂತ್ಕತೀನಿ."

"ಹಿಂದೆ ಬ್ಯಾಂಕಿನ ಸೀಲು ಬಿದ್ದಾಯ್ತು ಮಾರಾಯ್ರೆ." ಮ್ಯಾನೇಜರು ಗೊಣಗುತ್ತ ಹತ್ತಿ ಕೂತರು. "ಸಮುದ್ರದ ಬದಿಯಲ್ಲೇ ಹುಟ್ಟಿದವ ನಾನು. ಹಗಲೂ ರಾತ್ರಿ ಅದರ ಸದ್ದು ಕೇಳಿ ತಲೆ ಚಿಟ್ಟು ಹಿಡಿದು ಈ ಊರಿಗೆ ವರ್ಗ ಮಾಡಿಸಿಕೊಂಡದ್ದು. ಈಗ ಪುನಃ ಅದರ ಎದುರಿಗೇ!"

ಲಾರಿ ಹೊರಟಿತು. ಮುದ್ದಯ್ಯ ನಿಂತಲ್ಲೇ ನಿಂತ. ಇಷ್ಟು ವರ್ಷ ಅವನ ಮನಸ್ಸಿನ ಸಮುದ್ರ ತೊಣ್ಣೂರು ಕೆರೆಯ ಹಾಗೆ ಸದ್ದಿಲ್ಲದೆ ಮಲಗಿತ್ತು. ಗಂಟೆ ಮಾಡುವವನಾಗಿ ತನಗೆ ಅದರ ಸದ್ದಿನ ಮಾತು ಹೊಳೆಯಲೇ ಇಲ್ಲವಲ್ಲ ಎಂದು ಸಂಕಟವಾಯಿತು. ಬುತ್ತಿ ಬಿಸುಟು ಲಾರಿಯ ಹಿಂದೆ ಓಡಿದ.

"ಸ್ವಾಮಿ, ಸದ್ದು ಮಾಡ್ತದಾ ಅದು? ಎಂಗ್ ಮಾಡ್ತದೆ?"

ಮ್ಯಾನೇಜರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಕೈ ಬೀಸಿ, ಬಾಯಿ ಅಗಲಿಸಿ ಏನೋ ಕೂಗಿ ಹೇಳಿದರು. ಅಷ್ಟರಲ್ಲಿ ಲಾರಿ ಹಳ್ಳಕ್ಕೆ ಇಳಿದು ಇನ್ನೂರು ಗಂಟೆಗಳೂ ಒಟ್ಟಿಗೆ ಬಡಿದುಕೊಂಡವು. ಮುದ್ದಯ್ಯನಿಗೆ ಒಂದಕ್ಷರವೂ ಕೇಳಿಸಲಿಲ್ಲ.